ಮೂತಿಯ ಭಾರ

ಬಾಕಿ ಸಂಬಳದ ಬದಲು ಎಸ್ಟೇಟು ನನಗೆ ಕೊಟ್ಟದ್ದು
ಈ ಆರ್ಮಡಾ. ತೊಂಬತ್ತೇಳರ ಮಾಡೆಲ್ಲು.
ಎಡಬಾಗಿಲು ಒಳಗಿಂದ ಮಾತ್ರ ತೆರೆಯುತ್ತದೆ,
ಹಿಂದಿನ ಸೀಟಿನ ಬಿರುಕಿನಲ್ಲಿ ಯಾವುದೋ ವರ್ಷದ ಒಳ್ಳೆಮೆಣಸು.
ಇಪ್ಪತ್ತಾರು ವರ್ಷ ರೈಟರಾಗಿದ್ದವನಿಗೆ
ಸಹಿ ಹಾಕಿ ಕೀಲಿಕೈ ಇಸಕೊಳ್ಳುವುದು ಕಷ್ಟವಾಗಲಿಲ್ಲ;
ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದಷ್ಟೇ ತಿಳಿಯಲಿಲ್ಲ.

ಸಿದ್ದಾಪುರದಲ್ಲಿ, ಮೀನು ಮಾರ್ಕೆಟ್ಟಿನ ಹಿಂದೆ, ಸೈದಲವಿಯ ಶೆಡ್ಡು.
ಗಾಡಿಯ ಕೆಳಗೆ ಮಲಗಿ ಸುತ್ತಿಗೆಯಲ್ಲಿ
ಚಾಸಿ ತಟ್ಟಿ ತಟ್ಟಿ ಕಿವಿಗೊಟ್ಟ,
ಹಲಸು ಹಣ್ಣಾಯಿತೋ ಎಂದು ನೋಡುವವರ ಹಾಗೆ.
"ತುಕ್ಕು ಚರ್ಮದ್ದೇ. ಎಲುಬು ಗಟ್ಟಿ ಉಂಟು.
ಎಳೆಯುತ್ತದೆ ರೈಟ್ರೇ. ಎಳೆಯುವುದು ದೊಡ್ಡದಲ್ಲ,
ನಿಲ್ಲಿಸುವುದು ದೊಡ್ಡದು."

ನಾಲ್ಕು ದಿನ.
ಹಿಂದಿನ ಕಮಾನಿಗೆ ಇನ್ನೊಂದು ಪ್ಲೇಟು, ಹೊಸ ಕ್ಲಚ್ಚು,
ಬ್ರೇಕಿನ ಹಳೆಯ ಎಣ್ಣೆ ಕಾಫಿ ಡಿಕಾಕ್ಷನ್ನಿನಂತೆ ಸುರಿದದ್ದು ಕಂಡು
ನಾನೇ ಮುಖ ತಿರುಗಿಸಿದೆ.
ಬಂಪರಿಗೆ ಬೇಡ, ಬಂಪರೆಂದರೆ ಮುಖದ ಪೌಡರು ಎಂದು
ಚಾಸಿಯ ಎರಡೂ ತೊಲೆಗೆ ದಪ್ಪ ತಗಡು, ಎಂಟು ಬೋಲ್ಟು,
ನಡುವೆ ದಪ್ಪ ನಿಂಬೆಯಷ್ಟು ಕಬ್ಬಿಣದ ಗುಂಡು.
ಕೆಳಗೆ ಎರಡು ಸರಪಳಿ, ಒಂದಕ್ಕೊಂದು ಅಡ್ಡ:
ಕೊಂಡಿ ಕಳಚಿದರೂ ಮೂತಿ ಬೀಳುವುದು
ತೊಟ್ಟಿಲಿಗೆ, ರಸ್ತೆಗಲ್ಲ.

ಟ್ರೇಲರು ಚಿಕ್ಕದು. ಎರಡೇ ಚಕ್ರ.
ಮೇಲೆ ಹರಾಜಿನಲ್ಲಿ ಸಿಕ್ಕ ಪಲ್ಪರು, ಹಗ್ಗ ಜಗ್ಗುವ ಇಂಜಿನು.
ಒಂದೆಕರೆ, ಅರ್ಧೆಕರೆಯವರ ಅಂಗಳಕ್ಕೇ ಹೋಗಿ
ಕಾಫಿ ಹಣ್ಣು ಸುಲಿದು ಕೊಡುವುದು. ನನ್ನ ಮುಂದಿನ ಬಾಳು
ಒಟ್ಟು ನಾನೂರ ಎಂಬತ್ತು ಕಿಲೋ.

"ಹತ್ತರಲ್ಲೊಂದು ಪಾಲು ಮೂತಿಯ ಮೇಲೆ ಕೂರಬೇಕು.
ಕಮ್ಮಿಯಾದರೆ ಹಿಂದಿನದು ಬಾಲ ಬಡಿಯುತ್ತದೆ,
ಜಾಸ್ತಿಯಾದರೆ ಮುಂದಿನದು ಆಕಾಶ ನೋಡುತ್ತದೆ.
ತಕ್ಕಡಿ ಉಂಟಾ?"

ಇತ್ತು. ಎಸ್ಟೇಟಿನ ಕೊಕ್ಕೆ ತಕ್ಕಡಿ,
ಗಾಡಿಯ ಜೊತೆ ಅದೂ ನನ್ನ ಪಾಲಿಗೆ ಬಂದಿತ್ತು.
ಶೆಡ್ಡಿನ ತೊಲೆಗೆ ನೇತುಹಾಕಿ, ಮೂತಿ ಎತ್ತಿ ಸಿಕ್ಕಿಸಿದರು.
ಮುಳ್ಳು ನಡುಗಿ ನಿಂತಿತು: ಮೂವತ್ತೊಂಬತ್ತು.
ಸ್ಪ್ಯಾನರು ಹಿಡಿದಿದ್ದ ಹುಡುಗ, ಪೂವಾಯಿಯ ಮಗ ಚಿನ್ನರಾಸು,
ತಲೆ ಎತ್ತದೆ ಕೇಳಿದ:
"ತೇವಕ್ಕೆ ಒಂದು ಕಳೆಯುವುದಾ ರೈಟ್ರೇ?"

ಸೈದಲವಿ ನಕ್ಕ. ಅವನಿಗೆ ಗೊತ್ತಿಲ್ಲ.
ಸಂಜೆ ಐದರ ಸಾಲು, ತಲೆಯ ಮೇಲಿನ ಗೋಣಿ,
ಹನಿ ಮಳೆಯಿಲ್ಲದ ಜನವರಿಯಲ್ಲೂ
ತೇವಕ್ಕೆ ಒಂದು, ಎಲೆಗೆ ಅರ್ಧ.
ಪುಸ್ತಕದ ತುಂಬ ನನ್ನದೇ ದುಂಡು ಅಕ್ಷರ.
ಮೇಲಿನವರು ಹೇಳಿದ್ದು, ನಿಜ.
ಮೇಲಿನವರು ಮುಳ್ಳು ನೋಡಲು ಬರುತ್ತಿರಲಿಲ್ಲ, ಅದೂ ನಿಜ.

ಪಲ್ಪರನ್ನು ಅರ್ಧ ಗೇಣು ಮುಂದಕ್ಕೆ ಸರಿಸಿದೆವು. ನಲವತ್ತೆಂಟು.
ಯಾರೂ ಏನೂ ಕಳೆಯಲಿಲ್ಲ.

ಆಮೇಲೆ ರಿವರ್ಸು. ಮಾಲ್ದಾರೆ ದಾರಿಯಲ್ಲಿ ಆನೆ ಎದುರು ನಿಂತರೆ
ಬೆನ್ನಿಗೆ ಟ್ರೇಲರು ಕಟ್ಟಿಕೊಂಡವನು ಏನು ಮಾಡುತ್ತಾನೆ?
ಶಾಲೆಯ ಮೈದಾನದಲ್ಲಿ ಎಡಕ್ಕೆ ತಿರುಗಿಸಿದೆ, ಅದು ಬಲಕ್ಕೆ ಹೋಯಿತು;
ಬಲಕ್ಕೆ ತಿರುಗಿಸಿದೆ, ಮಡಚಿಕೊಂಡು ಬಂದು ನನ್ನನ್ನೇ ನೋಡಿತು.
ಚಿನ್ನರಾಸು ಕಿಟಕಿಯ ಪಕ್ಕ ನಡೆಯುತ್ತ ಹೇಳಿದ:
"ಸ್ಟೇರಿಂಗಿನ ತಲೆ ಬಿಡಿ, ಬುಡ ಹಿಡೀರಿ.
ಅದು ಎಲ್ಲಿಗೆ ಹೋಗಬೇಕೋ ಕೈ ಅಲ್ಲಿಗೆ.
ಮೆಲ್ಲ. ಇನ್ನೂ ಮೆಲ್ಲ. ಕನ್ನಡಿ ನೋಡಿ."

ಕನ್ನಡಿಯಲ್ಲಿ ಅವನೂ ಇದ್ದ, ಕೈ ಬೀಸುತ್ತ,
ಇಪ್ಪತ್ತರ ಹುಡುಗ; ಗೋಣಿಯ ಪಕ್ಕ ಮೂಗು ಸುರಿಸುತ್ತ
ನಿಂತಿರುತ್ತಿದ್ದವನು. ಎಲ್ಲ ಎಣಿಸುತ್ತಿದ್ದನೇ ಹಾಗಾದರೆ?

ಮೊದಲ ಅಂಗಳ ಕರಡಿಗೋಡಿನದು.
ಹೊಳೆಯ ಕಡೆಗಿನ ಇಳಿಜಾರಿನಲ್ಲಿ ಎರಡನೇ ಗೇರು;
ಹಿಂದಿನದು ಬೆನ್ನಿಗೆ ಒರಗಿ ನೂಕುತ್ತದೆ,
ಬ್ರೇಕು ಒತ್ತಿ ಹಿಡಿಯಬಾರದು, ಒತ್ತಿ ಬಿಡಬೇಕು.
ಪೂವಾಯಿಗೆ ಮೂವತ್ತು ಸೆಂಟು, ಆರು ಗೋಣಿ ಹಣ್ಣು.
ಅವಳು ಮೊದಲೇ ತೂಗಿಸಿ ಇಟ್ಟಿದ್ದಳು, ರೇಷನ್ ಅಂಗಡಿಯಲ್ಲಿ.
ನಮಸ್ಕಾರಕ್ಕೂ ಮುಂಚೆ ಚೀಟಿ ಮುಂದೆ ಹಿಡಿದಳು.

ತಕ್ಕಡಿಯನ್ನು ಗಾಡಿಯಿಂದ ಇಳಿಸಲಿಲ್ಲ.
ಚೋಕು ಎಳೆದು ಹಗ್ಗ ಜಗ್ಗಿದೆ.
ಮೂರನೆಯ ಸಲಕ್ಕೆ ಹಿಡಿಯಿತು ಇಂಜಿನು.